34ರ ಕೋಟು 44ರ ಮೈಗೆ: ಅಜ್ಜನ ಡ್ರಾಫ್ಟ್ ಹಿಗ್ಗಿಸುವ ಬಗೆ

ನಮ್ಮ ನಾಟಕ ತಂಡದ ಖಜಾಂಚಿಗಳು ಈ ಸಲ ಒಂದು ಕೋಟಿಗೆ 700 ರೂಪಾಯಿ ಅಂತ ಚೀಟಿ ಬರೆದು ಕೊಟ್ಟರು. ಕೋಟಿಗೆ ಅಂದರೆ ಕೋಟು. ಇನ್ನೊಂದು ಕೋಟಿಯಾಗಿದ್ದರೆ ನಾನು ಹಳೇ ಫ್ಲೆಕ್ಸ್ ಬ್ಯಾನರ್ ಹಾಸಿಕೊಂಡು ನೆಲದ ಮೇಲೆ ಕೂರುವ ಪ್ರಮೇಯವೇ ಬರುತ್ತಿರಲಿಲ್ಲ.

ನಾಟಕ ನಡೆಯುವುದು 1930ರ ದಶಕದ ಮೈಸೂರು ಸಂಸ್ಥಾನದಲ್ಲಿ. ಅಮಲ್ದಾರರು, ಶಾನುಭೋಗರು, ಮೇಷ್ಟ್ರು, ಮೂವರಿಗೂ ಕಚ್ಚೆಪಂಚೆ, ಪೇಟ, ಕತ್ತಿನವರೆಗೆ ಗುಂಡಿ ಹಾಕುವ ಕ್ಲೋಸ್ ಕಾಲರ್ ಕೋಟು. ಬಾಡಿಗೆಗೆ ಸಿಗುವುದೆಲ್ಲ ಮದುವೆ ಗಂಡಿನ ಬಂದ್‌ಗಲಾ: ಮಿರಿಮಿರಿ ಬಟ್ಟೆ, ಭುಜದಲ್ಲಿ ಪ್ಯಾಡು, ಸೊಂಟದಲ್ಲಿ ಬಿಗಿತ. ಅದನ್ನು ಹಾಕಿಕೊಂಡು ಅಮಲ್ದಾರರು ಕಂದಾಯ ಕೇಳಲು ಬಂದರೆ ಆರತಕ್ಷತೆಗೆ ಬಂದ ಹಾಗೆ ಕಾಣುತ್ತದೆ.

ನನ್ನ ಅಜ್ಜ ಶಿವಮೊಗ್ಗದಲ್ಲಿ ಟೈಲರ್ ಆಗಿದ್ದವನು. ಅವನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಕೋಟಿನ ಡ್ರಾಫ್ಟ್, ಅಂದರೆ ಕತ್ತರಿಸುವ ನಕ್ಷೆ ಇದೆ, ಪೆನ್ಸಿಲ್ಲಿನಲ್ಲಿ, ಅಂಗೈ ಅಗಲದಷ್ಟು. ಮೇಲೆ 'ಕೋಟು, ಎದೆ 34' ಅಂತ, ಇಂಚಿನಲ್ಲಿ. ನಮ್ಮ ಅಮಲ್ದಾರರೋ ಬ್ಯಾಂಕಿನಿಂದ ನಿವೃತ್ತರಾದವರು. ಎದೆ 44, ಹೊಟ್ಟೆ 45. ಇನ್ನು ನಾನು ಹೇಳುವುದೆಲ್ಲ ಆ 34ರಿಂದ ಈ 44ಕ್ಕೆ ಹೋದ ದಾರಿ. ನಿಮ್ಮ ಕೈಯಲ್ಲಿರುವುದು ಬೇರೆ ಡ್ರಾಫ್ಟು, ನಿಮ್ಮ ನಟರು ಬೇರೆ ಗಾತ್ರದವರು ಇರಬಹುದು, ಲೆಕ್ಕ ಇದೇ.

ಮೊದಲು ಒಂದು ಮಾತು. ಜೆರಾಕ್ಸ್ ಅಂಗಡಿಗೆ ಹೋಗಿ '129 ಪರ್ಸೆಂಟ್ ದೊಡ್ಡದು ಮಾಡಿಕೊಡಿ' ಅನ್ನಬೇಡಿ. 44ನ್ನು 34ರಿಂದ ಭಾಗಿಸಿದರೆ ಬರುವುದು ಅಷ್ಟೇ, ನಿಜ. ಆದರೆ ಯಂತ್ರಕ್ಕೆ ಎದೆ ಯಾವುದು, ಕೈ ಯಾವುದು ಗೊತ್ತಿಲ್ಲ. 23½ ಇಂಚಿನ ತೋಳು 30 ದಾಟುತ್ತದೆ, 16½ ಇಂಚಿನ ಭುಜ 21 ಆಗುತ್ತದೆ, 14½ರ ಕತ್ತು 18¾ ಆಗುತ್ತದೆ. ಕೋಟಿನ ಉದ್ದ 29 ಇದ್ದದ್ದು 37½ಕ್ಕೆ ಇಳಿದು ಮಂಡಿ ಮುಟ್ಟಲು ನೋಡುತ್ತದೆ. ಮನುಷ್ಯ ದಪ್ಪ ಆದಾಗ ಮೂಳೆ ಉದ್ದ ಆಗುವುದಿಲ್ಲ. ಕತ್ತು ಸ್ವಲ್ಪ, ಭುಜ ಇನ್ನೂ ಸ್ವಲ್ಪ, ಕಂಕುಳ ಸುತ್ತ ಜಾಸ್ತಿ, ಹೊಟ್ಟೆ ಅದಕ್ಕೂ ಜಾಸ್ತಿ. ಎಲ್ಲಿ ಎಷ್ಟು ಅನ್ನುವುದೇ ಈ ಕೆಲಸದ ಜೀವ.

ಅಜ್ಜನ ಸೂತ್ರಗಳೂ ಇಲ್ಲಿ ಕೈ ಕೊಡುತ್ತವೆ. 'ಕತ್ತಿನ ಅಗಲ ಎದೆಯ 1/12' ಅಂತ ಬರೆದಿದ್ದಾನೆ. 34ಕ್ಕೆ ಅದು 2¾ಕ್ಕಿಂತ ಚೂರು ಹೆಚ್ಚು, ಸರಿಯಾಗಿ ಕೂರುತ್ತದೆ. 44ಕ್ಕೆ ಹಾಕಿದರೆ 3⅝ ದಾಟುತ್ತದೆ, ಕಾಲರ್ ಕತ್ತು ಬಿಟ್ಟು ದೂರ ನಿಲ್ಲುತ್ತದೆ. ಅಜ್ಜನ ಗಿರಾಕಿಗಳು 32ರಿಂದ 38ರ ಒಳಗಿನವರು, ಅವರ ಮಟ್ಟಿಗೆ ಸೂತ್ರ ಸುಳ್ಳಲ್ಲ. ಅದರಾಚೆ ಸೂತ್ರ ಬಿಟ್ಟು ಟೇಪು ಹಿಡಿಯಬೇಕು.

ಅಂಗೈ ಚಿತ್ರ ಆಳೆತ್ತರಕ್ಕೆ

ಹಿಗ್ಗಿಸುವ ಮುಂಚೆ, ಆ ಸಣ್ಣ ಚಿತ್ರವನ್ನು 34ರ ನಿಜವಾದ ಅಳತೆಗೆ ತರಬೇಕು. ಇದು ಬೇರೆ ಕೆಲಸ, ಅದು ಬೇರೆ ಕೆಲಸ. ಎರಡನ್ನೂ ಒಂದೇ ಏಟಿಗೆ ಮಾಡಲು ಹೋದವರು ಬಟ್ಟೆ ಹಾಳು ಮಾಡಿದ್ದನ್ನು ನೋಡಿದ್ದೇನೆ. ಮೊದಲ ಸಲ ಹಾಳು ಮಾಡಿದವಳು ನಾನೇ.

ಪುಸ್ತಕದ ಮೇಲೆ ಗೆರೆ ಎಳೆಯಬೇಡಿ. ನೆರಳಚ್ಚು ತೆಗೆಸಿ. ಮೊಬೈಲಿನಲ್ಲಿ ಫೋಟೋ ಹೊಡೆದರೆ ಹೊಲಿಗೆಯ ಕಡೆ ಹಾಳೆ ಬಾಗಿ ಅರ್ಧ ಚಿತ್ರ ಸೊಟ್ಟಗಾಗುತ್ತದೆ. ಅಜ್ಜ ಕಾಲು ಇಂಚನ್ನು ಒಂದು ಇಂಚು ಅಂತ ಹಿಡಿದು ಬರೆದವನು. ನಿಮ್ಮ ಚಿತ್ರದ ಪ್ರಮಾಣ ಗೊತ್ತಿಲ್ಲದಿದ್ದರೆ ಅಂಕಿ ಬರೆದಿರುವ ಒಂದು ಉದ್ದಗೆರೆ ಹುಡುಕಿ. ನನ್ನದರಲ್ಲಿ ಬೆನ್ನಿನ ಉದ್ದ '29' ಅಂತಿತ್ತು, ಸ್ಕೇಲಿಟ್ಟರೆ 7¼ ಬಂತು. ನಾಲ್ಕರಲ್ಲಿ ಒಂದು. ಅಡ್ಡಗೆರೆಯೂ ಅದೇ ಲೆಕ್ಕಕ್ಕೆ ಬರುತ್ತದಾ ನೋಡಿ. ಬರದಿದ್ದರೆ ಅಚ್ಚು ಹಿಗ್ಗಿದೆ ಅಂತ ಅರ್ಥ.

ನೆರಳಚ್ಚಿನ ಮೇಲೆ ಕಾಲು ಇಂಚಿನ ಚೌಕಗಳು, ದೊಡ್ಡ ಕಾಗದದ ಮೇಲೆ ಒಂದು ಇಂಚಿನ ಚೌಕಗಳು. ಯಾವ ಚೌಕವನ್ನು ಗೆರೆ ಎಲ್ಲಿ ದಾಟುತ್ತದೋ ಅಲ್ಲಿ ಚುಕ್ಕೆ, ಆಮೇಲೆ ಚುಕ್ಕೆ ಸೇರಿಸುವುದು. ರಂಗೋಲಿ ಹಾಕಿದ ಕೈಗೆ ಇದೇನೂ ಕಷ್ಟವಲ್ಲ. ಒಂದೇ ಎಚ್ಚರ: ಸಣ್ಣ ಚಿತ್ರದಲ್ಲಿ ಪೆನ್ಸಿಲ್ ಮೊನೆಯ ದಪ್ಪ, ಇಂಚಿನ ಹದಿನಾರರಲ್ಲಿ ಒಂದು ಪಾಲು, ಆಚೀಚೆ ಆದರೆ ದೊಡ್ಡದರಲ್ಲಿ ಕಾಲು ಇಂಚು ಹೋಗುತ್ತದೆ. ಅದಕ್ಕೇ ಚಿತ್ರಕ್ಕೂ ಬರೆದ ಅಂಕಿಗೂ ಜಗಳ ಬಂದರೆ ಅಂಕಿಯನ್ನೇ ನಂಬಿ. ಚಿತ್ರದಿಂದ ತೆಗೆದುಕೊಳ್ಳಬೇಕಾದ್ದು ತೋಳು ಕೂರಿಸುವ ಬಾಯಿ, ಅಂದರೆ ಆರ್ಮ್‌ಹೋಲ್ ಎಷ್ಟು ಒಳಗೆ ಬಾಗಿದೆ, ಭುಜ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವಂಥದ್ದು. ಕಾಲದ ಗುರುತು ಇರುವುದು ಅಲ್ಲೇ. ಆ ಕೋಟುಗಳಲ್ಲಿ ಭುಜದ ಹೊಲಿಗೆ ಮೇಲೆ ಕೂರದೆ ಬೆನ್ನಿನ ಕಡೆ ಇಳಿದಿರುತ್ತದೆ. ಅದನ್ನು 'ಸರಿಪಡಿಸಿ' ಈಗಿನ ಹಾಗೆ ಮಾಡಿಬಿಟ್ಟರೆ ಅಜ್ಜನ ಪುಸ್ತಕ ತೆಗೆದದ್ದೇ ದಂಡ.

ಕಾಗದಕ್ಕೆ ದುಡ್ಡು ಹಾಕಬೇಡಿ. ಪುಸ್ತಕಕ್ಕೆ ಬೈಂಡ್ ಹಾಕುವ ಬ್ರೌನ್ ಪೇಪರ್, ಎರಡು ದಿನಪತ್ರಿಕೆ ಅಂಟಿಸಿದ್ದು, ಗೋಡೆ ಕ್ಯಾಲೆಂಡರಿನ ಹಿಂಬದಿ ಎಲ್ಲ ನಡೆಯುತ್ತದೆ. ಬಟ್ಟೆಯ ಮೇಲಿಟ್ಟು ಕತ್ತರಿಸುವ ಕೊನೆಯ ಪ್ಯಾಟರ್ನಿಗೆ ಮಾತ್ರ ಜಾತ್ರೆಯದೋ ಹುಟ್ಟುಹಬ್ಬದ್ದೋ ಹಳೇ ಫ್ಲೆಕ್ಸ್ ಹಿಂದುಮುಂದಾಗಿ ಬಳಸುತ್ತೇನೆ. ಹರಿಯುವುದಿಲ್ಲ, ನೆನೆಯುವುದಿಲ್ಲ, ಹತ್ತು ಪ್ರದರ್ಶನ ತಾಳುತ್ತದೆ. ನೆಲಕ್ಕೆ ಎರಡು ಅಡಿಯ ಟೈಲ್ಸ್ ಇದ್ದರೆ ಅದರ ಗೆರೆಗಳೇ ನಿಮಗೆ ಮೂಲೆಮಟ್ಟ. ಆದರೂ ಒಂದು ಸಲ ಪರೀಕ್ಷೆ ಮಾಡಿ: ಮೂಲೆಯಿಂದ ಒಂದು ಕಡೆ 9 ಇಂಚು, ಇನ್ನೊಂದು ಕಡೆ 12 ಗುರುತು ಹಾಕಿದರೆ ಆ ಎರಡರ ನಡುವೆ ಸರಿಯಾಗಿ 15 ಬರಬೇಕು.

ಮಾರ್ಜಿನ್, ಅಂದರೆ ಹೊಲಿಗೆಯಾಚೆ ಬಿಡುವ ಬಟ್ಟೆ, ಸೇರಿದೆಯೋ ಇಲ್ಲವೋ ಅನ್ನುವುದು ಹಳೇ ಡ್ರಾಫ್ಟಿನ ದೊಡ್ಡ ಗುಟ್ಟು. ಕಂಡುಹಿಡಿಯುವುದು ಹೀಗೆ. ಎದೆಯ ಮಟ್ಟದಲ್ಲಿ ಅರ್ಧ ಬೆನ್ನು, ಅರ್ಧ ಮುಂಭಾಗ ಕೂಡಿಸಿ, ಮುಂದಿನ ಗುಂಡಿಪಟ್ಟಿ ಬಿಟ್ಟು. ನನಗೆ 19 ಬಂತು, ಪೂರ್ತಿ ಸುತ್ತಿಗೆ 38. ಒಳಗೆ ಅಂಗಿ ಇದ್ದರೂ ಆಡಲು ಕೋಟಿಗೆ 4 ಇಂಚು ಸಡಿಲ ಬೇಕು, 34ಕ್ಕೆ 4 ಸೇರಿದರೆ 38. ಹಾಗಾದರೆ ಮಾರ್ಜಿನ್ ಸೇರಿಲ್ಲ. ಕೂಡಿಸಿದಾಗ 20ರ ಮೇಲೆ ಬಂದಿದ್ದರೆ ಸೇರಿದೆ ಅಂತ ಅನುಮಾನಿಸುತ್ತಿದ್ದೆ. ಸೇರಿದ್ದರೆ ಮೊದಲು ಕಳೆದುಬಿಡಿ. ಹಿಗ್ಗಿಸುವುದು ಹೊಲಿಗೆ ಗೆರೆಯನ್ನು, ಕತ್ತರಿ ಗೆರೆಯನ್ನಲ್ಲ. ಸಡಿಲವೂ ಹಿಗ್ಗುವುದಿಲ್ಲ, 34ರವನಿಗೂ 4, 44ರವನಿಗೂ 4.

ಸೀಳಿ ಬಿಡಿಸುವುದು

44ರಲ್ಲಿ 34 ಕಳೆದರೆ 10. ಎರಡು ಬೆನ್ನು, ಎರಡು ಮುಂಭಾಗ, ಒಟ್ಟು ನಾಲ್ಕು ತುಂಡು. ತುಂಡಿಗೆ 2½. ಇದಿಷ್ಟನ್ನೂ ಪಕ್ಕದ ಹೊಲಿಗೆಗೆ ಹಚ್ಚಿಬಿಡುವುದು ಎಲ್ಲರೂ ಮೊದಲು ಮಾಡುವ ತಪ್ಪು. ಹಾಗೆ ಮಾಡಿದರೆ ಎದೆ ಹಿಡಿದುಕೊಂಡು, ಕಂಕುಳಲ್ಲಿ ಬಟ್ಟೆ ಗೋಣಿಯ ಹಾಗೆ ನೇತಾಡುತ್ತದೆ.

ಹಂಚಿಕೆಗೆ ಎರಡು ಅಳತೆ ಬೇಕು. ನಟರ ಕತ್ತು 16, ಡ್ರಾಫ್ಟಿನದು 14½. ನಟರ ಭುಜ ತುದಿಯಿಂದ ತುದಿಗೆ 18, ಡ್ರಾಫ್ಟಿನದು 16½. ಭುಜದ ವ್ಯತ್ಯಾಸ ಒಂದೂವರೆ, ಅರ್ಧ ಬೆನ್ನಿಗೆ ಮುಕ್ಕಾಲು. ಕತ್ತಿನ ಅಗಲ ಅರ್ಧ ಬೆನ್ನಿನಲ್ಲಿ ಕಾಲು ಇಂಚು ಹೆಚ್ಚಿಸಿದರೆ ನಾಲ್ಕೂ ತುಂಡು ಸೇರಿ ಸುತ್ತಳತೆ ಹೆಚ್ಚುಕಡಿಮೆ ಒಂದು ಇಂಚು ಬೆಳೆಯುತ್ತದೆ, ಬೇಕಾದ ಒಂದೂವರೆಯಲ್ಲಿ ಉಳಿದ ಅರ್ಧ ಮುಂದಿನ ಕತ್ತನ್ನು ಚೂರು ಆಳ ಮಾಡಿದರೆ ಸಿಗುತ್ತದೆ. ಮುಕ್ಕಾಲಿನಲ್ಲಿ ಕಾಲು ಕತ್ತಿಗೆ ಹೋಯಿತು, ಉಳಿದ ಅರ್ಧ ಭುಜಕ್ಕೆ. 2½ರಲ್ಲಿ ಇನ್ನೂ 1¾ ಇದೆ. ಅದರಲ್ಲಿ 1 ಆರ್ಮ್‌ಹೋಲಿನ ಕೆಳಗೆ, ¾ ಪಕ್ಕದ ಹೊಲಿಗೆಗೆ.

ಈಗ ಕತ್ತರಿ. ತುಂಡು ಕತ್ತರಿಸುವ ಮುಂಚೆ ಎದೆಯ ಮಟ್ಟದಲ್ಲಿ, ಸೊಂಟದ ಮಟ್ಟದಲ್ಲಿ ಒಂದೊಂದು ಅಡ್ಡಗೆರೆ ಎಳೆದುಕೊಳ್ಳಿ. ಇದನ್ನು ಮರೆತರೆ ಆಮೇಲೆ ಚೂರುಗಳನ್ನು ಜೋಡಿಸುವಾಗ ಯಾವುದು ಮೇಲೆ ಯಾವುದು ಕೆಳಗೆ ತಿಳಿಯದೆ ಹಪ್ಪಳ ಹರಡಿಕೊಂಡ ಹಾಗೆ ಆಗುತ್ತದೆ. ಬೆನ್ನಿನ ನಡುಗೆರೆಗೆ ಸಮಾಂತರವಾಗಿ ಮೂರು ಉದ್ದಗೆರೆ: ಒಂದು ಕತ್ತಿನ ಬಾಗಿನ ಮಧ್ಯದಿಂದ ಕೆಳ ಅಂಚಿನವರೆಗೆ, ಇನ್ನೊಂದು ಭುಜದ ಮಧ್ಯದಿಂದ, ಮತ್ತೊಂದು ಆರ್ಮ್‌ಹೋಲಿನ ಕೆಳಬಾಗಿನಿಂದ. ಸೀಳಿ. ಕೆಳಗೆ ಇನ್ನೊಂದು ಕಾಗದ ಹಾಸಿ, ಅದರ ಮೇಲೂ ಅಡ್ಡಗೆರೆ ಎಳೆದು, ಚೂರುಗಳ ಅಡ್ಡಗೆರೆ ಅದರ ಮೇಲೇ ಕೂರುವ ಹಾಗೆ ಇಟ್ಟು ಬಿಡಿಸುತ್ತಾ ಹೋಗಿ: ಮೊದಲ ಸೀಳು ¼, ಎರಡನೆಯದು ½, ಮೂರನೆಯದು 1. ಪಕ್ಕಕ್ಕೆ ¾ ಹೊಸ ಗೆರೆ. ಭುಜ ಮೆಟ್ಟಿಲಿನ ಹಾಗೆ ಕಾಣುತ್ತದೆ, ಹೆದರಬೇಡಿ. ಕತ್ತಿನ ತುದಿಗೂ ಭುಜದ ತುದಿಗೂ ಸ್ಕೇಲಿಟ್ಟು ಒಂದೇ ಗೆರೆ ಎಳೆಯಿರಿ. ಆರ್ಮ್‌ಹೋಲ್ ಬಾಗನ್ನು ಕೈಯಲ್ಲೇ ತಿದ್ದಿ.

ಉದ್ದಕ್ಕೆ ಅಡ್ಡ ಸೀಳು. ಆರ್ಮ್‌ಹೋಲಿನ ನಡುಮಟ್ಟದಲ್ಲಿ ಒಂದು, ಅಲ್ಲಿ ½ ಬಿಡಿಸಿದೆ. ನಟರ ಕತ್ತಿನ ಗುಬುಟಿನಿಂದ ಸೊಂಟಕ್ಕೆ 17, ಡ್ರಾಫ್ಟಿನದು 16½, ಆ ಅರ್ಧವೂ ಇಲ್ಲೇ ಸಿಕ್ಕಿತು. ಸೊಂಟದ ಕೆಳಗೆ ಇನ್ನೊಂದು, ಅಲ್ಲಿ 1. ಒಟ್ಟು ಉದ್ದ 30½.

ಮುಂಭಾಗಕ್ಕೂ ಇದೇ ಅಂಕಿಗಳು. ಆದರೆ ಮುಂಭಾಗದಲ್ಲಿ ಹೊಟ್ಟೆ ಇದೆ.

ಡ್ರಾಫ್ಟಿನ ಸೊಂಟ 31, ನಮ್ಮವರ ಹೊಟ್ಟೆ 45, ವ್ಯತ್ಯಾಸ 14. ಬೆನ್ನಿನಲ್ಲಿ ಹೊಟ್ಟೆ ಬೆಳೆಯುವುದಿಲ್ಲವಾದ್ದರಿಂದ ಬೆನ್ನಿಗೆ ಸಿಕ್ಕ 5 ಸಾಕು. ಉಳಿದ 9 ಮುಂಭಾಗಕ್ಕೆ, ಒಂದೊಂದಕ್ಕೆ 4½. ಅದರಲ್ಲಿ 2½ ಆಗಲೇ ಸೀಳಿನಲ್ಲಿ ಬಂದಿದೆ. ಇನ್ನು 2 ಬೇಕು. ಮೂರನೇ ಸೀಳನ್ನು ಮೇಲ್ಗಡೆ ಆರ್ಮ್‌ಹೋಲಿನ ಹತ್ತಿರ ಹಾಗೇ ಹಿಡಿದುಕೊಂಡು, ಕೆಳಗೆ ಬೀಸಣಿಗೆ ಬಿಚ್ಚಿದ ಹಾಗೆ ಪಕ್ಕದ ಚೂರನ್ನು ಹೊರಕ್ಕೆ ತಿರುಗಿಸಿ, ಹೊಟ್ಟೆಯ ಮಟ್ಟದಲ್ಲಿ 1¼ ಹೆಚ್ಚು ಬರುವಷ್ಟು. ಮಿಕ್ಕ ¾ ಪಕ್ಕದ ಹೊಲಿಗೆಯಲ್ಲಿ ಬಾಗಿಸಿ ಕೊಡಿ. ಗುಂಡಿಪಟ್ಟಿಯ ಅಂಚು ಮಾತ್ರ ನೆಟ್ಟಗೇ ಇರಲಿ. ಅದನ್ನು ಬಾಗಿಸಿದರೆ ಕಾಜಾ ಹೊಲಿಯುವಾಗ ಪಾಡು ಬೇಡ. ಇನ್ನೊಂದು: ಹೊಟ್ಟೆಯ ಮೇಲೆ ಹತ್ತಿ ಇಳಿಯುವ ಬಟ್ಟೆಗೆ ದಾರಿ ಉದ್ದ. ಮುಂದಿನ ಅಂಚಿನಲ್ಲಿ ಕೆಳಗೆ 1 ಇಂಚು ಹೆಚ್ಚಿಟ್ಟು ಪಕ್ಕದ ಹೊಲಿಗೆ ಬರುವಷ್ಟರಲ್ಲಿ ಸೊನ್ನೆಗೆ ಇಳಿಸಿ. ಇಡದಿದ್ದರೆ ಕೋಟಿನ ಮುಂಭಾಗ ಪರದೆ ಎತ್ತಿದ ಹಾಗೆ ಮೇಲೆದ್ದು ನಿಲ್ಲುತ್ತದೆ.

ತೋಳು, ಮತ್ತು ನನ್ನ ಮರ್ಯಾದೆ ಹೋದದ್ದು

ಮೊದಲ ವರ್ಷ ನಾನು ಬುದ್ಧಿವಂತಿಕೆ ತೋರಿಸಿ, ದಪ್ಪ ಕೈ ಪಾಪ ಆರಾಮಾಗಿರಲಿ ಅಂತ ಆರ್ಮ್‌ಹೋಲನ್ನು ಎರಡು ಇಂಚು ಕೆಳಕ್ಕಿಳಿಸಿದ್ದೆ. ನಾಟಕದಲ್ಲಿ ಗೌಡರು ಕೈ ಎತ್ತಿ ಶಾಪ ಹಾಕುವ ಜಾಗ ಬಂತು. ಕೈಯ ಜೊತೆ ಇಡೀ ಕೋಟು ಮೇಲೆದ್ದು ಕಾಲರ್ ಕಿವಿಗೆ ಹತ್ತಿತು. ಶಾಪಕ್ಕೆ ಜನ ಚಪ್ಪಾಳೆ ತಟ್ಟಿ ನಕ್ಕರು. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಸಲೀಸು, ಇಳಿದಷ್ಟೂ ಕೈ ಕಟ್ಟಿಹಾಕಿದ ಹಾಗೆ. ಆಳ ಅರ್ಧ ಇಂಚಿಗಿಂತ ಹೆಚ್ಚು ಕೊಡಬೇಡಿ, ಅಗಲ ಕೊಡಿ. ಪಾತ್ರಕ್ಕೆ ಕುಣಿತವೋ ಹೊಡೆದಾಟವೋ ಇದ್ದರೆ ಜುಬ್ಬಾಕ್ಕೆ ಹಾಕುವ ಹಾಗೆ ಕಂಕುಳಲ್ಲಿ ಚೌಕದ ತುಂಡು ಸೇರಿಸಿ.

ತೋಳು ಎರಡು ತುಂಡಿನದು, ಮೇಲ್ದೋಳು ಮತ್ತು ಒಳದೋಳು. ರಟ್ಟೆಯ ಸುತ್ತ ಡ್ರಾಫ್ಟಿನಲ್ಲಿ 15, ನನಗೆ ಬೇಕಾದದ್ದು 18½. ಮೇಲ್ದೋಳಿಗೆ 2, ಒಳದೋಳಿಗೆ 1½. ಮಧ್ಯಕ್ಕೆ ಸೀಳಿ ಮೇಲೆ ಅಷ್ಟು ಬಿಡಿಸಿ, ಮಣಿಕಟ್ಟಿನ ಹತ್ತಿರ ಕಾಲು ಕಾಲು ಇಂಚು ಸಾಕು. ಉದ್ದ ನಟರ ಕೈ ಅಳೆದು ಹಾಕಿ. ನಮ್ಮವರಿಗೆ 24, ಅಂದರೆ ಅಜ್ಜನ ಲೆಕ್ಕಕ್ಕಿಂತ ಬರೀ ಅರ್ಧ ಇಂಚು ಜಾಸ್ತಿ. ಆ ಅರ್ಧವನ್ನು ತೋಳಿನ ತಲೆಯ ಗುಮ್ಮಟದಲ್ಲೇ ಅಡ್ಡ ಸೀಳಿ ಕೊಟ್ಟೆ. ಆರ್ಮ್‌ಹೋಲ್ ಆಳಕ್ಕೆ ಅರ್ಧ ಕೊಟ್ಟಿದ್ದೆವಲ್ಲ, ಅದಕ್ಕೆ ಜೋಡಿ ಇದು.

ಆಮೇಲೆ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಆರ್ಮ್‌ಹೋಲಿನ ಸುತ್ತ ಅಳೆಯಿರಿ, ತೋಳಿನ ತಲೆಯನ್ನೂ ಅಳೆಯಿರಿ. ಉಣ್ಣೆ ಬಟ್ಟೆಯಾದರೆ ತಲೆ ಒಂದೂವರೆ ಎರಡು ಇಂಚು ದೊಡ್ಡದಿದ್ದರೂ ಇಸ್ತ್ರಿಯಲ್ಲಿ ಕುಗ್ಗಿಸಿ ಕೂರಿಸಬಹುದು. ಹತ್ತಿ, ಖಾದಿ ಹಾಗೆ ಮಾತು ಕೇಳುವುದಿಲ್ಲ, ಒಂದು ಇಂಚು ಸಾಕು. ಹೆಚ್ಚಾದರೆ ನೆರಿಗೆ ಬಂದು ಅಮಲ್ದಾರರಿಗೆ ಪಫ್ ತೋಳು ಬರುತ್ತದೆ.

ಕಾಲರನ್ನು ಡ್ರಾಫ್ಟಿನಿಂದ ಹಿಗ್ಗಿಸಬೇಡಿ. ಹೊಸ ಕತ್ತಿನ ಬಾಗನ್ನು ಅಳೆದು ಅಷ್ಟುದ್ದಕ್ಕೆ ಹೊಸದಾಗಿ ಬರೆಯಿರಿ. ಎತ್ತರ ಅಜ್ಜನ 1¾ ಹಾಗೇ ಇರಲಿ, ಗಿಡ್ಡ ಕತ್ತಿನವರಾದರೆ 1½. ಜೇಬು ಲೆಕ್ಕದ ಪ್ರಕಾರ ಹಿಗ್ಗಬೇಕಿಲ್ಲ. ಆದರೂ ದೊಡ್ಡ ಎದೆಯ ಮೇಲೆ 4½ರ ಜೇಬು ಅಂಚೆಚೀಟಿ ಅಂಟಿಸಿದ ಹಾಗೆ ಕಂಡಿತು, 5 ಮಾಡಿದೆ. ಗುಂಡಿಗಳನ್ನು ಕತ್ತಿನಿಂದ ಎಣಿಸಬೇಡಿ. ಹೊಟ್ಟೆ ಎಲ್ಲಿ ಅತಿ ಮುಂದಿದೆಯೋ ಅಲ್ಲಿ ಮೊದಲು ಒಂದು ಗುಂಡಿ ಇಟ್ಟು, ಅಲ್ಲಿಂದ ಮೇಲಕ್ಕೆ ಸಮ ಅಂತರ ಹಂಚಿ.

ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೇ ಬೆಡ್‌ಶೀಟಿನಲ್ಲಿ ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡಲೇಬೇಕು. ನಟರನ್ನು ಕಂಬದ ಹಾಗೆ ನಿಲ್ಲಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅವರ ಪಾತ್ರ ಏನು ಮಾಡುತ್ತದೋ ಅದನ್ನೇ ಮಾಡಿಸಿ: ಕುರ್ಚಿಯಲ್ಲಿ ಕೂರಿ, ಕಾಗದ ಓದಿ, ಬಗ್ಗಿ ಕಾಲು ಹಿಡಿಯಿರಿ. ಎಲ್ಲಿ ಎಳೆಯುತ್ತದೋ ಅಲ್ಲಿ ಗೆರೆ ಬೀಳುತ್ತದೆ, ಆ ಗೆರೆ ಯಾವ ಕಡೆ ಬೊಟ್ಟು ಮಾಡುತ್ತದೋ ಅಲ್ಲಿ ಬಟ್ಟೆ ಸಾಲದು. ನಮ್ಮವರಿಗೆ ಎರಡು ಭುಜದ ನಡುವೆ ಬೆನ್ನಿನಲ್ಲಿ ಅಡ್ಡಗೆರೆ ಬಿತ್ತು, ಆರ್ಮ್‌ಹೋಲಿನ ಬೆನ್ನಬಾಗನ್ನು ಕಾಲು ಇಂಚು ಹೊರಕ್ಕೆ ತಂದೆ, ಹೋಯಿತು.

ಬಟ್ಟೆಯ ಲೆಕ್ಕ

ಅಜ್ಜ 'ಪನ್ನ 27, 3½ ಗಜ' ಅಂತ ಬರೆದಿದ್ದಾನೆ. ಪನ್ನ ಅಂದರೆ ಬಟ್ಟೆಯ ಅಗಲ. ಅದನ್ನು ಓದಿಕೊಂಡು ಅಂಗಡಿಗೆ ಹೋದರೆ ದುಡ್ಡು ದಂಡ. ಗಜ ಅಂದರೆ 36 ಇಂಚು, ಮೀಟರಿಗಿಂತ ಮೂರು ಇಂಚಿಗೂ ಮಿಕ್ಕಿ ಗಿಡ್ಡ. ಈಗ ಕೋಟಿನ ಬಟ್ಟೆ 58 ಪನ್ನದಲ್ಲಿ ಬರುತ್ತದೆ. 34ರ ಕೋಟಾಗಿದ್ದರೆ ಒಂದೂವರೆ ಮೀಟರ್ ಸಾಕಿತ್ತು. ನನ್ನ 44ಕ್ಕೆ, ಮಡಿಸಿದ 29 ಇಂಚಿನಲ್ಲಿ ಬೆನ್ನು ಮುಂಭಾಗ ಅಕ್ಕಪಕ್ಕ ಕೂರಲಿಲ್ಲ, ಒಂದೇ ಇಂಚು ಸಾಲದೆ ಬಂತು. ಒಂದರ ಕೆಳಗೊಂದು ಇಟ್ಟು, ಪಕ್ಕದಲ್ಲಿ ತೋಳು ಇಳಿಸಿದೆ. ಎರಡು ಮೀಟರ್ ಹಿಡಿಯಿತು. ಅದಕ್ಕೇ ಫ್ಲೆಕ್ಸ್ ಪ್ಯಾಟರ್ನನ್ನು ಸುತ್ತಿಕೊಂಡು ಅಂಗಡಿಗೇ ಹೋಗಿ ಬಟ್ಟೆಯ ಮೇಲೆ ಹಾಸಿ ನೋಡುವುದು ನನ್ನ ಅಭ್ಯಾಸ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ಕಟ್ ಪೀಸ್ ಅಂಗಡಿಯ ದಪ್ಪ ಹತ್ತಿ, ಪರದೆ ಬಟ್ಟೆಯ ತುಂಡು, ಅಕ್ಟೋಬರಿನಲ್ಲಿ ಗಾಂಧಿ ಜಯಂತಿ ರಿಯಾಯಿತಿಗೆ ಸಿಗುವ ಖಾದಿ ಮೂರೂ ಆ ಕಾಲಕ್ಕೆ ಒಪ್ಪುತ್ತವೆ. ಟೆರಿಕಾಟ್ ಬೇಡ, ರಂಗದ ದೀಪಕ್ಕೆ ಹೊಳೆಯುತ್ತದೆ. ಖಾದಿಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸದೆ ಕತ್ತರಿಸಿದರೆ ಇಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಬಟ್ಟೆ ಸಾಲದೆ ಬಂದರೆ ಜೋಡು ಹಾಕಿ, ಆದರೆ ಒಳದೋಳಿನಲ್ಲೋ ಕಂಕುಳ ಕೆಳಗೋ. ನಮ್ಮ ಕೋಟಿಗೆ ಅಸ್ತರ್ ಇಲ್ಲ, ಕಾಲರಿಗೂ ಗುಂಡಿಪಟ್ಟಿಗೂ ಮಾತ್ರ ಗಟ್ಟಿ ನಿಲ್ಲಲು ಬಕ್ರಂ. ಗುಂಡಿ ಮಾವನ ಹಳೇ ಕೋಟಿನವು. ಕೊನೆಗೆ 640 ರೂಪಾಯಿಗೆ ಮುಗಿಯಿತು. ಉಳಿದ 60 ಖಜಾಂಚಿಗಳು ವಾಪಸ್ ತೆಗೆದುಕೊಂಡರು.

ಹೆಂಗಸರ ರವಿಕೆಗೂ ಇದೇ ಸೀಳು ನಡೆಯುತ್ತದೆ, ಒಂದೆರಡು ಬದಲಾವಣೆ ಬೇಕು. ನಮ್ಮಜ್ಜಿ 'ಬುಗ್ಗೆ ತೋಳು' ಅನ್ನುತ್ತಿದ್ದ ಪಫ್ ರವಿಕೆ 32ರದ್ದನ್ನು 40ಕ್ಕೆ ತರಬೇಕಾದಾಗ ಹಿಂಭಾಗಕ್ಕೂ ಮುಂಭಾಗಕ್ಕೂ ಸಮ ಹಂಚಬೇಡಿ. ಅರ್ಧ ಬೆನ್ನಿಗೆ ಒಂದೂವರೆ, ಅರ್ಧ ಮುಂಭಾಗಕ್ಕೆ ಎರಡೂವರೆ. ಮುಂದಿನ ಹೆಚ್ಚುವರಿಯನ್ನು ಪಕ್ಕಕ್ಕೆ ಹಚ್ಚದೆ ಡಾರ್ಟಿನ, ಅಂದರೆ ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆಯ, ಗೆರೆಯಲ್ಲೇ ಸೀಳಿ ಎದೆಯ ಮೊನೆಯವರೆಗೆ ಬಿಚ್ಚಿ, ಡಾರ್ಟು ದೊಡ್ಡದಾಗಲಿ. ಪಫ್ ಹಿಗ್ಗಿಸುವಾಗ ಕೆಳಗಿನ ಪಟ್ಟಿ ರಟ್ಟೆಯ ಸುತ್ತಳತೆಗೆ 1 ಇಂಚು ಸೇರಿಸಿದಷ್ಟು, ಬುಗ್ಗೆಯ ಅಗಲ ಆ ಪಟ್ಟಿಯ ಒಂದೂವರೆ ಪಾಲು. ಹಳೇ ಬುಗ್ಗೆಯನ್ನೇ ಹಿಗ್ಗಿಸಿದರೆ ಕೈ ಎರಡು ಕುಂಬಳಕಾಯಿ ಹೊತ್ತ ಹಾಗಿರುತ್ತದೆ.

ವಿದೇಶದಲ್ಲಿರುವವರು ಕನ್ನಡ ಸಂಘದ ನಾಟಕಕ್ಕೆ ಅಲ್ಲಿನ ಹಳೇ ಪ್ಯಾಟರ್ನ್ ಲಕೋಟೆ ಕೊಂಡು, ಅದನ್ನು ಹಿಗ್ಗಿಸುವುದು ಹೇಗೆ ಅಂತ ಕೇಳುತ್ತಾರೆ. ಲಕೋಟೆಯ ಮೇಲಿನ ಸೈಜ್ ನಂಬರನ್ನು ಮರೆತುಬಿಡಿ, ಈಗಿನ ನಂಬರಿಗೂ ಅದಕ್ಕೂ ಸಂಬಂಧವಿಲ್ಲ. ಎದೆ ಎಷ್ಟು ಇಂಚು ಅಂತ ಬರೆದಿರುತ್ತದೆ, ಅದೊಂದೇ ಲೆಕ್ಕಕ್ಕೆ. ಹಳೇ ಲಕೋಟೆಗಳಲ್ಲಿ ಸಾಮಾನ್ಯವಾಗಿ ಒಂದೇ ಸೈಜು, ಕೆಲವದರಲ್ಲಿ ಅಚ್ಚಿನ ಗೆರೆಯೇ ಇರುವುದಿಲ್ಲ, ತೂತುಗಳೇ ಗುರುತು. ಆ ತೆಳು ಕಾಗದವನ್ನು ಬರೀ ಬೆಚ್ಚಗಿನ ಇಸ್ತ್ರಿಯಲ್ಲಿ, ನೀರು ಚಿಮುಕಿಸದೆ, ನೆಟ್ಟಗೆ ಮಾಡಿ, ಬೇರೆ ಕಾಗದಕ್ಕೆ ಇಳಿಸಿಕೊಂಡು, ಸೀಳುವುದೆಲ್ಲ ಆ ನಕಲಿನ ಮೇಲೆ.

ಹೊಲಿಯುವಾಗ ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಮಾರ್ಜಿನ್ ಒಳಗೆ ಬಿಡಿ, ತೋಳಿನ ಒಳಹೊಲಿಗೆಯಲ್ಲಿ ಒಂದು. ಮುಂದಿನ ವರ್ಷ ಆ ಪಾತ್ರ ಯಾರಿಗೆ ಹೋಗುತ್ತದೋ ಗೊತ್ತಿಲ್ಲ. ಪ್ಯಾಟರ್ನಿನ ತುಂಡುಗಳ ಮೂಲೆಗೆ ತೂತು ಹಾಕಿ ಒಂದೇ ದಾರಕ್ಕೆ ಪೋಣಿಸಿ ಮೊಳೆಗೆ ನೇತುಹಾಕಿದ್ದೇನೆ. ಪ್ರತಿ ತುಂಡಿನ ಮೇಲೂ 'ಅಮಲ್ದಾರ, ಎದೆ 44, ಹೊಟ್ಟೆ 45, ಮಾರ್ಜಿನ್ ಸೇರಿಲ್ಲ' ಅಂತ ಮಾರ್ಕರಿನಲ್ಲಿ ಬರೆದಿದೆ. ಹಿಂಬದಿಯಲ್ಲಿ ಯಾರದೋ ಹುಟ್ಟುಹಬ್ಬದ ಅರ್ಧ ಮುಖ ನಗುತ್ತಿದೆ.